ವೈನಿಯ ರೊಟ್ಟಿ ಮಷಿನ್

ಟಿವಿಯಲ್ಲಿ ಹಾಡಿನ ಸ್ಪರ್ಧೆಗಳ ಹುಚ್ಚು ಹಿಡಿದಿದ್ದ ಕಾಲ. ಯಾವುದೋ ಊರಿನ ಹುಡುಗಿ ಸೋತು ಅತ್ತರೆ ನವನಗರದ ನಮ್ಮ ಮನೆಯ ನಾಲ್ಕೂ ಗಂಡಸರು, ಅಂದರೆ ಅಪ್ಪ, ಅಣ್ಣ, ಅಣ್ಣನ ಮಗ ಮತ್ತು ನಾನು, ಕಣ್ಣು ಒರೆಸಿಕೊಳ್ಳುತ್ತಿದ್ದೆವು. ನಾನಂತೂ ಮೊಬೈಲಿನಲ್ಲಿ ಅವಳಿಗೆ ವೋಟಿನ ಮೇಲೆ ವೋಟು ಒತ್ತುತ್ತಿದ್ದೆ. ಅದೇ ಹೊತ್ತಿಗೆ ಒಳಗೆ ವೈನಿ, ಅಣ್ಣನ ಹೆಂಡತಿ, ನಮಗಾಗಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಆ ಸಪ್ಪಳಕ್ಕೆ ಹಾಡು ಕೇಳಿಸುವುದಿಲ್ಲವೆಂದು ನಾವು ಟಿವಿಯ ದನಿ ಏರಿಸುತ್ತಿದ್ದೆವು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಆ ಪೈಕಿ ನಾವು.

ವೈನಿ ಮದುವೆಯಾಗಿ ಬಂದಾಗ ನಾನು ಐದನೇ ಇಯತ್ತೆ, ತಾಯಿಯಿಲ್ಲದ ಹುಡುಗ. ತಮ್ಮಾ ಎಂದೇ ಕರೆದು ಬೆಳೆಸಿದರು. ತಮಗಾಗಿ ಏನನ್ನೂ ಕೇಳಿದವರಲ್ಲ. ಒಂದು ದಿನ ಊಟಕ್ಕೆ ಬಡಿಸುವಾಗ ಬಲಗೈ ಮಣಿಕಟ್ಟು ಒತ್ತಿಕೊಳ್ಳುತ್ತ, "ತಮ್ಮಾ, ಈ ಕೈ ಭಾಳ ನೋಯಾಕತ್ತೈತಿ. ನಿದ್ದಿನೂ ಹತ್ತವಲ್ತು" ಎಂದರು.

ಮನೆಯಲ್ಲಿ ಬುದ್ಧಿವಂತ ಅಂತ ಇದ್ದವನು ನಾನೊಬ್ಬ. ಅಮರಗೋಳದ ದಲಾಲಿ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ವ್ಯಾಪಾರ ಇಲ್ಲದ ಹೊತ್ತಿನಲ್ಲಿ ಇಂಟರ್‌ನೆಟ್ಟಿನಲ್ಲಿ ಎರಡು ತಲೆಯ ಹಾವು, ಎತ್ತಿನ ಗಾಡಿಯಷ್ಟು ದೊಡ್ಡ ಕುಂಬಳಕಾಯಿ ಹುಡುಕಿ ನೋಡುತ್ತಿದ್ದೆ. ಮರುದಿನ ಅಲ್ಲೇ ಒಂದು ಕರೆಂಟಿನ ರೊಟ್ಟಿ ಮಷಿನ್ ಕಂಡಿತು. ಹಿಟ್ಟಿನ ಉಂಡೆ ಇಟ್ಟು ಮುಚ್ಚಳ ಒತ್ತಿದರೆ ಆಯಿತು. ಚಿತ್ರದಲ್ಲಿ ರೊಟ್ಟಿ ಪುರಿಯ ಹಾಗೆ ಉಬ್ಬಿ ಕೂತಿತ್ತು. ನಮ್ಮ ಓಣಿಯಲ್ಲಿ ಅಲ್ಲಿಯತನಕ ಯಾರೂ ಕಂಪ್ಯೂಟರಿನಿಂದ ಸಾಮಾನು ತರಿಸಿರಲಿಲ್ಲ. ಕೊರಿಯರ್ ಬಂದ ದಿನ ಆಜುಬಾಜಿನವರನ್ನೆಲ್ಲ ಕರೆದು ಡಬ್ಬಿ ಬಿಚ್ಚಿದೆ. ಕೈ ಯಾಕೆ ನೋಯುತ್ತಿದೆ, ಡಾಕ್ಟರಿಗೆ ತೋರಿಸೋಣವೇ ಎಂದು ವೈನಿಯನ್ನು ಕೇಳಿದ ನೆನಪು ಮಾತ್ರ ನನಗಿಲ್ಲ.

ಅದು ಗೋಧಿ ಹಿಟ್ಟಿನ ಮಷಿನ್. ಜೋಳದ ಹಿಟ್ಟಿಗೆ ಆ ಜಿಗುಟು ಎಲ್ಲಿಂದ ಬರಬೇಕು? ಮುಚ್ಚಳ ಒತ್ತಿದೊಡನೆ ಉಂಡೆ ಸೀಳಿ ಹೋಳಾಗುತ್ತಿತ್ತು.

"ಜ್ವಾಳಕ್ಕ ಇದು ಆಗಿಬರೂದಿಲ್ಲ ತಮ್ಮಾ" ಎಂದರು ವೈನಿ.

"ರೂಢಿ ಆಗಬೇಕ್ರಿ ವೈನಿ. ನೀವು ಹಿಟ್ಟು ಬರೋಬ್ಬರಿ ನಾದಿಲ್ರಿ" ಎಂದೆ.

ಇಪ್ಪತ್ತು ವರ್ಷ ಹಿಟ್ಟು ನಾದಿದ ಕೈಗೆ ನಾನು ಹೇಳಿದ ಮಾತು ಇದು. ಈಗ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾಲ್ಕನೆಯ ದಿನ ವೈನಿ, "ಈಗ ಹದಾ ಸಿಕ್ತು ನೋಡು. ಛಲೋ ಬರಾಕತ್ತಾವ" ಎಂದರು. ತಾಟಿನಲ್ಲಿ ತೆಳ್ಳನೆಯ, ದುಂಡನೆಯ ರೊಟ್ಟಿ. ಅದರ ಮೇಲೆ ಬೆರಳಿನ ಗುರುತು ಇತ್ತೋ ಇಲ್ಲವೋ ನಾನು ನೋಡಲಿಲ್ಲ, ಟಿವಿ ನೋಡುತ್ತಿದ್ದೆ. ಅಂಗಡಿಯಲ್ಲಿ ಮಾತ್ರ ನಮ್ಮ ಮನೆಯ ಮಷಿನ್ ರೊಟ್ಟಿಯ ಸುದ್ದಿ ಎಲ್ಲರಿಗೂ ಬೇಸರ ಬರುವಷ್ಟು ಹೇಳಿದೆ.

ಒಂದೆರಡು ತಿಂಗಳಾಗಿರಬೇಕು. ಮೊಬೈಲ್ ಮರೆತು ಬೆಳಿಗ್ಗೆ ಹನ್ನೊಂದಕ್ಕೆ ಮನೆಗೆ ವಾಪಸ್ ಬಂದೆ. ಗೇಟಿನ ಚಿಲಕ ತೆಗೆದರೆ ಪಕ್ಕದಲ್ಲೇ ಅಡುಗೆಮನೆಯ ಕಿಟಕಿ. ಒಳಗಿನಿಂದ ಅದೇ ಹಳೆಯ ಸಪ್ಪಳ. ವೈನಿ ಕಿಟಕಿಗೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದರು. ಬಡಿದದ್ದನ್ನು ಹಂಚಿಗೆ ಹಾಕಿ, ನಿಲ್ಲಿಸಿ, ಎಡಗೈಯಿಂದ ಬಲಗೈ ಉಜ್ಜಿಕೊಂಡರು. ಕಟ್ಟೆಯ ಮೇಲೆ ಮಷಿನ್ ಖಾಲಿ ಇತ್ತು, ಆದರೆ ಅದರ ಹಸಿರು ದೀಪ ಉರಿಯುತ್ತಿತ್ತು. ನಾನು ಹಠಾತ್ತನೆ ಬಂದರೆ ಕಾಣಲಿ, ತಮ್ಮನ ಮನಸ್ಸು ನೋಯದಿರಲಿ ಎಂದು ಹಚ್ಚಿಟ್ಟಿದ್ದರು.

ಒಳಗೆ ಹೋಗಬೇಕಿತ್ತು. ಬಿಡ್ರಿ ವೈನಿ, ಸಾಕು ಅನ್ನಬೇಕಿತ್ತು. ಆದರೆ ಹಾಗೆ ಹೇಳಿದರೆ ನನ್ನ ಬುದ್ಧಿವಂತಿಕೆ ಸೋತಿತೆಂದು ಒಪ್ಪಬೇಕಲ್ಲ. ಮೊಬೈಲನ್ನೂ ತೆಗೆದುಕೊಳ್ಳದೆ ಹಿಂದೆ ಸರಿದೆ. ಸಂಜೆ ಊಟಕ್ಕೆ ಕೂತಾಗ, "ಮಷಿನ್ ಹೆಂಗ ನಡದೈತ್ರಿ ವೈನಿ?" ಎಂದು ಕೇಳಿದೆ ಕೂಡ. ಛಲೋ ಐತಿ ಎಂದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಮತ್ತೂ ಒಂದು ವರ್ಷ ಆ ರೊಟ್ಟಿ ತಿಂದೆ.

ಒಂದು ದಿನ ಅವರ ಕೈಯಿಂದ ನೀರಿನ ಚರಿಗೆ ಜಾರಿ ಬಿತ್ತು. ಬೆರಳುಗಳಿಗೆ ಹಿಡಿತವೇ ಇರಲಿಲ್ಲ. ಸತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಬಹಳ ತಡ ಮಾಡಿ ಬಂದಿರಿ ಎಂದರು ಡಾಕ್ಟರು. ಆಪರೇಷನ್ ಆಯಿತು, ನೋವು ಹೋಯಿತು, ಹಿಡಿತ ಮಾತ್ರ ಪೂರ್ತಿ ಮರಳಲಿಲ್ಲ. ಅಂದಿನಿಂದ ರೊಟ್ಟಿ ಹೊರಗಿನಿಂದ ತರತೊಡಗಿದೆವು. ಎರಡು ಓಣಿ ಆಚೆ ರೊಟ್ಟಿ ಮಾಡಿ ಮಾರುವ ಹೆಂಗಸರಿದ್ದರು. ಮೊದಲೂ ಇದ್ದರು.

ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಕೊಂಡು ತಂದ ರೊಟ್ಟಿ ಮುರಿಯಲು ಅವರಿಗೆ ಕಷ್ಟವಾಗುತ್ತಿತ್ತು, ನಾನು ಚೂರು ಮಾಡಿ ತಾಟಿಗೆ ಹಾಕುತ್ತಿದ್ದೆ. ಆಗ ಬಾಯಿಬಿಟ್ಟೆ. "ವೈನಿ, ಒಂದಿನಾ ನಾ ಕಿಟಕ್ಯಾಗಿಂದ ನೋಡಿದ್ದೆರಿ. ನೀವು ಕೈಲೇ ಬಡ್ಯಾಕತ್ತಿದ್ರಿ."

ವೈನಿ ಸಿಟ್ಟಾಗಲಿಲ್ಲ. ತಾಟು ನೋಡುತ್ತಲೇ ಹೇಳಿದರು.

"ಗೊತ್ತೈತಿ ತಮ್ಮಾ. ಗೇಟಿನ ಚಿಲಕದ ಸಪ್ಪಳ ಕೇಳಿತ್ತು. ಮೊಬೈಲ್ ಬಿಟ್ಟು ಹೋಗಿದ್ದಿ, ನೀನ ಒಳಗ ಬರ್ತಿ ಅಂತ ಬಾಗಲಾ ನೋಡಕೋತ ಕುಂತೆ. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಹೋತು."