ಅಕ್ಕೋರ ಆ್ಯಪ್ ಮೊದಲು ಪಾಸಾಯಿತು

ಅಕ್ಕೋರ ಎರಡೂ ಕಿರುಬೆರಳುಗಳು ಹೊರಕ್ಕೆ ಬಾಗಿದ್ದವು. ಮೂವತ್ತೈದು ವರ್ಷ ಟೈಪ್‌ರೈಟರಿನ ಅಂಚಿನ ಕೀಲಿಗಳನ್ನು ಒತ್ತಿ ಒತ್ತಿ ಹಾಗಾಗಿದ್ದವಂತೆ. ಚಹದ ಕಪ್ಪು ಹಿಡಿದಾಗಲೂ ಅವೆರಡು ಮಾತ್ರ ಬೇರೆಯೇ ನಿಲ್ಲುತ್ತಿದ್ದವು. ಬೆಟಗೇರಿಯಲ್ಲಿ ಒಂದು ಸೀರೆ ಅಂಗಡಿಯ ಮಹಡಿಯ ಮೇಲೆ ಅವರ ಟೈಪಿಂಗ್ ಕ್ಲಾಸ್ ಇತ್ತು. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳನ್ನೆಲ್ಲ ಅಕ್ಕೋರು ಎನ್ನುತ್ತೇವೆ. ಇವರು ಊರಿಗೇ ಅಕ್ಕೋರು. ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲಿ ನಾನೂ ಅಲ್ಲಿ ಕಲಿತೆ. ಎದುರಿನ ಹಾಳೆ ಓದದೆ ಅಂದಾಜಿನ ಮೇಲೆ ಬಡಿದರೆ ಹಿಂದೆ ಬಂದು ನಿಂತು, "ಮೊದಲ ಓದು ತಮ್ಮಾ, ಆಮ್ಯಾಲೆ ಬಡಿ" ಎನ್ನುತ್ತಿದ್ದರು.

ಟೈಪ್‌ರೈಟರುಗಳ ಕಾಲ ಮುಗಿದು ಕ್ಲಾಸ್ ಮುಚ್ಚಿತು. ನಾನು ಗದಗಿನಲ್ಲಿ ಸ್ಟೇಷನ್ ರಸ್ತೆಯ ಒಂದು ಕೋಣೆಯಲ್ಲಿ ಅಂಗಡಿಕಾರರಿಗೆ ವೆಬ್‌ಸೈಟು, ಆ್ಯಪು ಮಾಡಿಕೊಡುತ್ತಿದ್ದೆ. ಒಂದು ಮುಂಜಾನೆ ಅಕ್ಕೋರು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತ ನಿಂತು, "ನನಗ ಆ್ಯಪ್ ಮಾಡಾಕ ಕಲಿಸ್ತಿ ಏನು?" ಎಂದರು. ಆಗ ಅವರಿಗೆ ಅರವತ್ತೊಂದು. ಒಳಗೊಳಗೇ ನಕ್ಕೆ. ಕಲಿಸಿದ ಅಕ್ಕೋರಿಗೆ ಇಲ್ಲ ಎನ್ನಲಾಗದೆ ಒಪ್ಪಿಕೊಂಡೆ. ಒಂದು ವರ್ಷ, ವಾರಕ್ಕೆ ಮೂರು ದಿನ ಬಂದರು. ನಾನು ಹೇಳಿದ ಕೋಡನ್ನೆಲ್ಲ ಉದ್ದನೆಯ ನೋಟುಬುಕ್ಕಿನಲ್ಲಿ ಕೈಯಿಂದ ಬರೆದುಕೊಂಡು, ಮರುದಿನ ಪ್ರತಿ ಸಾಲಿಗೂ "ಇದು ಇಲ್ಲಿ ಯಾಕ ಐತಿ?" ಎಂದು ಕೇಳುತ್ತಿದ್ದರು. ಎಷ್ಟೋ ಸಲ ನನಗೇ ಗೊತ್ತಿರುತ್ತಿರಲಿಲ್ಲ.

ಆಗ ನಾನು ನನ್ನದೇ ಒಂದು ಆ್ಯಪ್ ಕಟ್ಟುತ್ತಿದ್ದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಶೇಂಗಾ ಯಾವ ಪೇಟೆಯಲ್ಲಿ ಇಂದು ಏನು ದರಕ್ಕೆ ಹೋಗುತ್ತಿದೆ ಎಂಬುದು ಟ್ರ್ಯಾಕ್ಟರ್ ತುಂಬುವ ಮುಂಚೆಯೇ ರೈತರ ಫೋನಿಗೆ ಬರಬೇಕು. ಹೊಂಬಳ, ಹರ್ತಿ, ಮುಂಡರಗಿ ಸುತ್ತಾಡಿ "ಇದ ತಿಂಗಳ ಬರ್ತೈತ್ರಿ" ಎಂದು ಎಲ್ಲರಿಗೂ ಹೇಳಿಟ್ಟಿದ್ದೆ.

ಆದರೆ ಯಾವ ಆ್ಯಪೇ ಆಗಲಿ, ಜನರ ಫೋನಿಗೆ ಹೋಗುವ ಮೊದಲು ಆ್ಯಪ್ ಸ್ಟೋರಿನವರು ನೋಡಿ ಒಪ್ಪಬೇಕು. ನೋಡುವವರು ಯಾರು, ಎಲ್ಲಿ ಕೂತಿದ್ದಾರೆ, ನಮಗೆ ತಿಳಿಯುವುದಿಲ್ಲ. ಫೋನು ಮಾಡುವಂತಿಲ್ಲ, ಹೋಗಿ ನಿಲ್ಲುವಂತಿಲ್ಲ. ಹಲ್ಲುಜ್ಜುತ್ತ ಒಮ್ಮೆ, ಊಟದ ನಡುವೆ ಒಮ್ಮೆ ತೆಗೆದು ನೋಡುತ್ತಿದ್ದೆ: "ಪರಿಶೀಲನೆಯಲ್ಲಿದೆ." ಹತ್ತು ದಿನದ ಮೇಲೆ ಇಂಗ್ಲಿಷಿನಲ್ಲೊಂದು ಪತ್ರ ಬಂತು: ತಿರಸ್ಕರಿಸಲಾಗಿದೆ. ಏನೋ ತಿದ್ದಿ ಮತ್ತೆ ಕಳಿಸಿದೆ. ಮತ್ತೆ ಕಾದೆ. ಮತ್ತೆ ಅದೇ. ಮೂರನೆಯ ಸಲ ಸಿಟ್ಟಿನಿಂದ ಒಂದು ಉತ್ತರ ಬರೆದೆ. ಅದಕ್ಕೆ ಬಂದದ್ದೂ ಅಚ್ಚು ಹಾಕಿದಂಥ ಅದೇ ಪತ್ರ. ಐದನೆಯ ಸಲವೂ ಅದೇ. ಹರ್ತಿಯ ರೈತರೊಬ್ಬರು ಪೇಟೆಯಲ್ಲಿ ಸಿಕ್ಕು, "ಏನ್ರಿ, ನಿಮ್ಮ ಆ್ಯಪ್ ಇನ್ನೂ ಹುಟ್ಟಿಲ್ಲೇನ್ರಿ?" ಎಂದು ನಕ್ಕರು. ಆಮೇಲೆ ಆ ದಾರಿ ಬಿಟ್ಟು ಓಡಾಡತೊಡಗಿದೆ.

ಅಷ್ಟರಲ್ಲಿ ಅಕ್ಕೋರು ತಮ್ಮದೊಂದು ಆ್ಯಪ್ ಮುಗಿಸಿದರು. ಗದಗಿನಿಂದ ಸುತ್ತಲಿನ ಊರುಗಳಿಗೆ ಹೋಗುವ ಬಸ್ಸುಗಳ ವೇಳೆ, ಅಷ್ಟೇ. ದಿನಾ ಬಸ್‌ಸ್ಟ್ಯಾಂಡಿನಲ್ಲಿ ಕೂತು ಒಂದೊಂದೇ ಬರೆದುಕೊಂಡಿದ್ದರು. ಬಿಳಿ ಪರದೆ, ದೊಡ್ಡ ಕಪ್ಪು ಅಕ್ಷರ, ಬಣ್ಣ ಬೆಡಗು ಏನೂ ಇಲ್ಲ. ನಾನೇ ಹೇಳಿಕೊಟ್ಟು ಪರಿಶೀಲನೆಗೆ ಕಳಿಸಿದೆ. ಎರಡನೆಯ ದಿನಕ್ಕೆ ಅವರು ಬಿಸಿ ಮಿರ್ಚಿ ಭಜಿಯ ಪೊಟ್ಟಣ ಹಿಡಿದು ಬಂದು, "ಪಾಸಾತು ತಮ್ಮಾ!" ಎಂದರು.

"ಭಾಳ ಚಲೋ ಆತ್ರಿ" ಎಂದೆ. ಮಿರ್ಚಿಯನ್ನು ಪೊಟ್ಟಣದಲ್ಲೇ ಬಿಟ್ಟು, ನನ್ನ ಆ್ಯಪ್ ಏನಾಯಿತೆಂದು ಮತ್ತೊಮ್ಮೆ ತೆಗೆದು ನೋಡಿದೆ.

ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಹತ್ತಿದ ಉರಿ ಹೇಳಿಕೊಳ್ಳುವಂಥದ್ದಲ್ಲ. ಕೆಲಸ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೋಗಿ, ಅವರ ಆ್ಯಪ್ ತೆರೆದು, ಬಸ್ಸುಗಳು ಅದರಲ್ಲಿದ್ದ ವೇಳೆಗೆ ಬರುತ್ತವೋ ಇಲ್ಲವೋ ಎಂದು ನೋಡುತ್ತ ಕೂಡುತ್ತಿದ್ದೆ. ಒಂದು ದಿನ ಮುಂಡರಗಿ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು. ಬಿಸಿಲಲ್ಲಿ ಬೇಯುತ್ತಿದ್ದ ಜನರ ನಡುವೆ ನಾನೊಬ್ಬನೇ ಖುಷಿಯಾಗಿದ್ದೆ. ಒಂದೇ ತಿಂಗಳಲ್ಲಿ ಜನ ಅದನ್ನು "ಅಕ್ಕೋರ ಬಸ್ಸು" ಎಂದು ಕರೆಯತೊಡಗಿದರು. ಸ್ಟೋರಿನಲ್ಲಿ ಅದರ ಕೆಳಗೆ ಹರಸಿ ಹರಸಿ ಬರೆದಿದ್ದರು. ಒಂದೊಂದನ್ನೂ ಓದಿದೆ. ಬೈಗುಳ ಇದೆಯೇನೋ ಎಂದು ಹುಡುಕುತ್ತ ಓದಿದೆ.

ಆಮೇಲೆ ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಸಂಜೆಯ ಬಸ್ಸುಗಳ ವೇಳೆ ಬದಲಾಯಿತು. ನಲವತ್ತು ನಿಮಿಷ ಮುಂಚೆಯೇ ಬಿಡತೊಡಗಿದವು. ಅಕ್ಕೋರು ಅವತ್ತೇ ತಿದ್ದಿ ಕಳಿಸಿದರು. ತಿದ್ದಿದ್ದೂ ಮತ್ತೆ ಪರಿಶೀಲನೆಗೆ ಹೋಗಬೇಕು. ಈ ಸಲ ಅದು ಅಲ್ಲೇ ಸಿಕ್ಕಿಕೊಂಡಿತು. ಐದನೆಯ ದಿನ ಅಕ್ಕೋರು ನನ್ನ ಕೋಣೆಗೆ ಬಂದರು.

"ಜಲ್ದಿ ಮಾಡಸಾಕ ಏನರ ದಾರಿ ಐತೇನು ತಮ್ಮಾ?"

ಇತ್ತು. ತುರ್ತು ಕಾರಣ ಇದ್ದರೆ ಬೇಗ ನೋಡಿ ಎಂದು ಕೇಳಿಕೊಳ್ಳುವ ಒಂದು ಅರ್ಜಿ ಇತ್ತು. ಒಮ್ಮೆ ನಾನೇ ತುಂಬಿದ್ದೆ.

"ಇಲ್ರಿ ಅಕ್ಕೋರ. ಕಾಯೂದ ಅಷ್ಟ" ಎಂದೆ.

ಅವರು ತಲೆಯಾಡಿಸಿ ಮೆಟ್ಟಿಲಿಳಿದು ಹೋದರು.

ಮರುದಿನ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ರಟ್ಟಿನ ಮೇಲೆ ಹೊಸ ವೇಳೆಗಳನ್ನು ದಪ್ಪಗೆ ಬರೆದು, ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಬಂದವರಿಗೆಲ್ಲ ಹೇಳುತ್ತಿದ್ದರು, "ಫೋನಿನ್ಯಾಗಿಂದು ನೋಡಬ್ಯಾಡ್ರಿ, ಇದನ್ನ ನೋಡ್ರಿ." ಕಂಬದ ಮರೆಗೆ ನಿಂತು ನೋಡಿದೆ. ಶಿರಹಟ್ಟಿಯಿಂದ ಇಲ್ಲಿಗೆ ಹೊಸದಾಗಿ ಕೆಲಸಕ್ಕೆ ಬರತೊಡಗಿದ್ದ ಒಬ್ಬ ಹೆಣ್ಣುಮಗಳು ಅವರೆದುರು ನಿಂತು ಜೋರುಮಾಡಿದಳು.

"ನಿಮ್ಮದನ್ನ ನಂಬಿ ನಿನ್ನಿ ಬಸ್ ತಪ್ಪಿಸಿಕೊಂಡೆನ್ರಿ. ಮನ್ಯಾಗ ಕೂಸು ಹಾಲಿಲ್ದ ಅತ್ತು ಅತ್ತು ದನಿ ಹೋಗೇತಿ!"

"ತಪ್ಪು ನಂದ ಐತಿ ನಮ್ಮವ್ವಾ" ಎಂದು ಅಕ್ಕೋರು ಕೈಮುಗಿದರು.

ಆಗ ನನಗೆ ನಾಚಿಕೆಯಾಯಿತು ಎಂದು ಬರೆಯಬಹುದು. ಆದರೆ ಮೊದಲು ಬಂದದ್ದು ನಾಚಿಕೆಯಲ್ಲ. ಬೈಯುವಷ್ಟಾದರೂ ಇವರದನ್ನು ಜನ ಬಳಸುತ್ತಾರೆ, ನನ್ನದನ್ನು ಬೈಯುವುದಕ್ಕೂ ಯಾರೂ ಇಲ್ಲ ಎನಿಸಿತು. ನಾಚಿಕೆ ಬಂದದ್ದು ಮನೆಗೆ ಹೋಗಿ ಉಣ್ಣಲು ಕೂತಾಗ, ಹಾಲಿಲ್ಲದೆ ಅತ್ತ ಆ ಕೂಸು ನೆನಪಾದಾಗ.

ಮರುದಿನ ಬಸ್‌ಸ್ಟ್ಯಾಂಡಿಗೆ ಹೋಗಿ ಅವರ ಮುಂದೆ ನಿಂತೆ. "ಅಕ್ಕೋರ, ಒಂದು ಅರ್ಜಿ ಐತ್ರಿ. ಅವತ್ತ ನನಗ ಗೊತ್ತಿತ್ತು."

ಅವರು ರಟ್ಟನ್ನು ಕಂಬಕ್ಕೆ ಒರಗಿಸಿಟ್ಟು, "ಮೊದಲ ಅದನ್ನ ತುಂಬೂಣು" ಎಂದರು. ಅಲ್ಲೇ ಕಲ್ಲಿನ ಕಟ್ಟೆಯ ಮೇಲೆ ಕೂತು ತುಂಬಿದೆವು. ಮರುದಿನ ಮಧ್ಯಾಹ್ನಕ್ಕೆ ಹೊಸ ವೇಳೆಗಳು ಎಲ್ಲರ ಫೋನಿಗೂ ಬಂದವು.

ಎರಡು ವಾರ ಅವರು ನನ್ನ ಕೋಣೆಯ ಕಡೆ ಸುಳಿಯಲಿಲ್ಲ. ಬಂದ ದಿನ ಚಹ ಕೂಡ ಕುಡಿಯದೆ, "ನಿನ್ನ ಆ್ಯಪಿಗೆ ಬಂದ ಪತ್ರ ಎಲ್ಲಾ ಕೊಡು" ಎಂದರು. ಐದು ಪತ್ರಗಳನ್ನೂ ಪ್ರಿಂಟ್ ತೆಗೆದುಕೊಟ್ಟೆ. ಪೆನ್ಸಿಲು ಹಿಡಿದು ಓದುತ್ತ ಕೂತರು. ನಿಜ ಹೇಳಬೇಕೆಂದರೆ, ತಿರಸ್ಕಾರದ ಮಾತು ಕಂಡೊಡನೆ ಸಿಟ್ಟು ನೆತ್ತಿಗೇರಿ ನಾನು ಒಂದನ್ನೂ ಕೊನೆತನಕ ಓದಿರಲಿಲ್ಲ. ಅರ್ಧ ತಾಸಿನ ಮೇಲೆ ಒಂದು ಸಾಲಿನ ಕೆಳಗೆ ಗೆರೆ ಎಳೆದು ತೋರಿಸಿದರು. ಮೊಬೈಲಿಗೆ ಬರುವ ಓಟಿಪಿ ಇಲ್ಲದೆ ನನ್ನ ಆ್ಯಪ್ ತೆರೆಯುತ್ತಿರಲಿಲ್ಲ. ಅದು ನಮ್ಮ ದೇಶದ ನಂಬರಿಗೆ ಮಾತ್ರ ಹೋಗುತ್ತಿತ್ತು. ಎಲ್ಲೋ ದೂರದೇಶದಲ್ಲಿ ಕೂತು ನೋಡುವವನಿಗೆ ಒಳಗೆ ಬರಲು ದಾರಿಯೇ ಇರಲಿಲ್ಲ.

"ಪಾಪ, ಐದ ಸಲ ಬಂದು ಬಾಗಲಾ ಬಡದಾನ. ನೀ ತಗದಿಲ್ಲ" ಎಂದರು.

ಆ ನೋಡುವವನಿಗೆ ನಾನೊಂದು ಬೇರೆ ಗುಪ್ತಸಂಖ್ಯೆ ಇಟ್ಟೆ. ಹೇಗೆ ಒಳಗೆ ಬರಬೇಕೆಂಬ ಟಿಪ್ಪಣಿಯನ್ನು ಅವರೇ ಟೈಪು ಮಾಡಿಕೊಟ್ಟರು. ಮೂರನೆಯ ದಿನ ನನ್ನ ಆ್ಯಪ್ ಪಾಸಾಯಿತು. ಕುಣಿಯಬೇಕಿತ್ತು. ನನ್ನ ಗೆಲುವೂ ಇವರದೇ ಆಯಿತಲ್ಲ ಎಂದು ಹೊಟ್ಟೆ ಮತ್ತೆ ಉರಿಯಿತು.

ಬಹಳ ದಿನಗಳ ಮೇಲೆ ಧೈರ್ಯ ಮಾಡಿ ಕೇಳಿದೆ, "ನನ್ನ ಮ್ಯಾಲೆ ಸಿಟ್ಟ ಬರಲಿಲ್ಲೇನ್ರಿ?"

"ಬಂದಿತ್ತು. ನಿನ್ನ ಮುಖಾನ ನೋಡಬಾರದು ಅಂತಿದ್ದೆ." ಮತ್ತೆ ಹೇಳಿದರು, "ಖರೆ ಹೇಳ್ಲೇನು? ನಿನ್ನ ಕಂಡ್ರ ನನಗೂ ಹೊಟ್ಟಿಕಿಚ್ಚು ಇತ್ತು. ನನಗ ಅರವತ್ತಕ್ಕ ಸಿಕ್ಕ ವಿದ್ಯಾ ನಿನಗ ಇಪ್ಪತ್ತಕ್ಕ ಸಿಕ್ಕಿತ್ತು. ನನಗೂ ಆ ವಯಸ್ಸಿನ್ಯಾಗ ಸಿಕ್ಕಿದ್ರ, ಅಂತ ಮೆಟ್ಟಲಾ ಹತ್ತೂವಾಗ ದಿನಾ ಅನ್ಕೊಂತಿದ್ದೆ."

ನನ್ನ ಮೇಲೆ ಹೊಟ್ಟೆಕಿಚ್ಚುಪಡುವವರು ಲೋಕದಲ್ಲಿ ಒಬ್ಬರಿದ್ದರು, ಅದೂ ಅವರು! ಇಬ್ಬರಿಗೂ ಚಹ ತರಿಸಿದೆ.

ಹೋದ ವರ್ಷದ ಚಳಿಗಾಲದಲ್ಲಿ ನಾಲ್ಕೇ ದಿನ ಮಲಗಿ ಅಕ್ಕೋರು ತೀರಿಕೊಂಡರು. ಆ್ಯಪನ್ನು ನನಗೇ ಕೊಡಬೇಕೆಂದು ಹೇಳಿದ್ದರಂತೆ. ಅವರ ಮಗಳು ನನ್ನ ಖಾತೆಗೆ ವರ್ಗಾಯಿಸಿ ಕೊಟ್ಟಳು. ಈಗ ವಾರಕ್ಕೊಮ್ಮೆ ಬಸ್‌ಸ್ಟ್ಯಾಂಡಿಗೆ ಹೋಗಿ ವೇಳೆ ಬರೆದುಕೊಂಡು ಬಂದು, ತಿದ್ದಿ, ಕಳಿಸಿ, ಕಾಯುತ್ತೇನೆ. ಅವರಿಲ್ಲವೆಂಬುದು ದೂರದ ಊರುಗಳಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೊನ್ನೆ ಮುಂಡರಗಿಯಿಂದ ಒಬ್ಬಾಕೆ ಬರೆದಿದ್ದಳು: "ಅಕ್ಕೋರ, ನೀವು ಹೇಳಿದ ಟೈಮಿಗೆ ಸರಿಯಾಗಿ ಬಸ್ ಬಂತ್ರಿ. ನಿಮಗ ಪುಣ್ಯ ಬರ್ಲಿ."

ಆ ವೇಳೆ ಬರೆದುಕೊಂಡು ಬಂದವನು ನಾನು. ಹಾಗೆಂದು ಉತ್ತರ ಬರೆದೆ, ಅಳಿಸಿದೆ. ಆಮೇಲೆ ಇಷ್ಟೇ ಬರೆದು ಕಳಿಸಿದೆ: "ಆತು ನಮ್ಮವ್ವಾ. ಹುಷಾರಿಂದ ಹೋಗಿ ಬಾ."