ಮರದ ಕಡೆ ಹೊಡಿಯೋ!

ಪರದೇಶದಲ್ಲಿರುವ ನಮ್ಮ ಕನ್ನಡದವರಿಗೆ ಒಂದು ಕೆಟ್ಟ ಅಭ್ಯಾಸವಿದೆ. ಸುತ್ತಲಿನವರಿಗೆ ಗೊತ್ತಾಗಬಾರದ ಮಾತನ್ನೆಲ್ಲ ಧೈರ್ಯವಾಗಿ ಕನ್ನಡದಲ್ಲಿ ಆಡಿಬಿಡುತ್ತೇವೆ.

ಮಗನ ಕಾಲೇಜು ಫುಟ್‌ಬಾಲ್ ತಂಡವನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗಿದ್ದೆ. ಹುಡುಗರ ಪಂದ್ಯ, ಆದರೆ ಎದುರು ತಂಡದ ಗೋಲ್‌ಕೀಪರ್ ಒಬ್ಬಳು ಹುಡುಗಿ! ರೂಲಿನಲ್ಲಿ ಅಡ್ಡಿಯಿಲ್ಲವಂತೆ. ತಲೆಗೆ ಕ್ಯಾಪ್, ಮುಖದ ತುಂಬ ಬಿಳೀ ಸನ್‌ಸ್ಕ್ರೀನ್. "ಪಾಪ, ಮೆಲ್ಲಗೆ ಹೊಡೀರಪ್ಪಾ" ಅಂದೆ. ಆ ಪಾಪ ಹತ್ತೇ ನಿಮಿಷ ಉಳಿಯಿತು. ಬಂದ ಚೆಂಡನ್ನೆಲ್ಲ ಅವಳು ಹಾರಿ ಹಾರಿ ಹಿಡಿದಳು.

ನಾವು ಒಂದು ಗೋಲು ಹಿಂದಿದ್ದೆವು. ಕೊನೇ ನಿಮಿಷದಲ್ಲಿ ನಮಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ನಿಂತವನು ನನ್ನ ಮಗ. ಗೋಲಿನ ಎಡಬದಿಗೆ ಬೇಲಿಯಾಚೆ ಒಂದು ದೊಡ್ಡ ಮರವಿತ್ತು. ತಡೆಯಲಾರದೆ ಬೇಲಿ ಹಿಡಿದು ಕೂಗಿದೆ: "ಮರದ ಕಡೆ ಹೊಡಿಯೋ! ಅವಳು ಆ ಕಡೆ ಬೀಳಲ್ಲ!"

ಎಂದೂ ನನ್ನ ಮಾತು ಕೇಳದ ಮಗ ಅವತ್ತು ಕೇಳಿದ. ಅವನ ಕಾಲು ಚೆಂಡಿಗೆ ತಾಗುವ ಮೊದಲೇ ಹುಡುಗಿ ಮರದ ಕಡೆ ಹಾರಿದ್ದಳು. ಚೆಂಡು ಅವಳ ತೆಕ್ಕೆಯಲ್ಲಿ! ಸೋತದ್ದೂ ಮರೆತು ನಾನು ಚಪ್ಪಾಳೆ ಹೊಡೆದೆ.

ಆಟ ಮುಗಿದ ಮೇಲೆ ಅವಳು ಬೇಲಿಯ ಹತ್ತಿರ ಬಂದಳು. "ಥ್ಯಾಂಕ್ಸ್ ಅಂಕಲ್, ಕರೆಕ್ಟಾಗಿ ಹೇಳಿದ್ರಿ. ನಮ್ಮಪ್ಪ ಮೈಸೂರು, ಅಮ್ಮ ಮಂಗಳೂರು. ಮನೇಲಿ ಕನ್ನಡ, ತುಳು ಎರಡೂ ನಡೆಯುತ್ತೆ."

ಮಗ ಗುರ್ ಅಂದ: "ಅಪ್ಪಾ, ನೆಕ್ಸ್ಟ್ ಟೈಮ್ ಜಸ್ಟ್ ಕ್ಲ್ಯಾಪ್."

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯ ನಮ್ಮ ಮನೆಗೆ ಬಂದು ಹೇಳಿದರೆ ಉಡುಪಿಯವಳಾದ ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಮುಂದಿನ ಪಂದ್ಯಕ್ಕೆ ನಾನೇ ಬರ್ತೀನಿ. ತುಳುವಿನಲ್ಲಿ ಕೂಗ್ತೀನಿ, ಅವಳಿಗೆ ಹೇಗೆ ಗೊತ್ತಾಗುತ್ತೋ ನೋಡೋಣ."

ನಾನು ಮುಂದಿನ ಪಂದ್ಯದ ತಾರೀಕನ್ನು ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಗುರುತು ಹಾಕಿದೆ.