ಗುರುಶಾಂತಮ್ಮನ ದೊಡ್ಡ ಡಿಸ್ಕು

ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗುರುಶಾಂತಮ್ಮ ಟೈಪಿಂಗ್ ಕಲಿಸುತ್ತಿದ್ದಳು. ತೊಂಬತ್ತರ ದಶಕದಲ್ಲಿ ಸೊಲ್ಲಾಪುರದಿಂದ ಹಳೆಯ ಕಂಪ್ಯೂಟರೊಂದನ್ನು ತರಿಸಿ ಲಗ್ನಪತ್ರಿಕೆ, ಕರಪತ್ರಗಳ ಕೆಲಸವನ್ನೂ ಹಿಡಿದಳು. ಬಿಡುವಿದ್ದಾಗ ಗೊಬ್ಬೂರಿನ ಸೋದರತ್ತೆ ಗೌರಾಬಾಯಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಆಕೆ ಹಾಡುವ ಬೀಸುವ ಪದಗಳನ್ನು ನೇರವಾಗಿ ಟೈಪ್ ಮಾಡುತ್ತಿದ್ದಳು. ಓದು ಬಾರದ ಗೌರಾಬಾಯಿ ಒಂದು ಸಾಲು ಹೇಳಿ, ಪರದೆಯ ಮೇಲೆ ಅಕ್ಷರ ಮೂಡುವವರೆಗೆ ಕಾಯುತ್ತಿದ್ದಳು.

ಲಗ್ನಪತ್ರಿಕೆಯ ಚಿತ್ರಗಳಿಂದಲೇ ಕಂಪ್ಯೂಟರಿನ ಡಿಸ್ಕು ತುಂಬಿತು. 1997ರಲ್ಲಿ ಗುರುಶಾಂತಮ್ಮ ಎರಡು ಜಿಬಿಯ ಹೊಸ ಡಿಸ್ಕು ತಂದಳು. ರೇಡಿಯೊ ರಿಪೇರಿಯ ಖಾದರಸಾಬ ಜೋಡಿಸಿ ನೋಡಿದರೆ, ಯಂತ್ರ ಅದರ ಕಾಲುಭಾಗವನ್ನಷ್ಟೇ ಗುರುತಿಸಿತು.

"ಮಷೀನ್ ಹಳೇದದರಿ ಅಕ್ಕೋರ. ಇಷ್ಟು ದೊಡ್ಡ ಡಿಸ್ಕ್ ಬರ್ತಾವಂತ ಅದಕ್ಕ ಗೊತ್ತಿಲ್ಲ," ಎಂದ.

ಡಿಸ್ಕಿನ ಜೊತೆ ಒಂದು ಫ್ಲಾಪಿ ಬಂದಿತ್ತು. ಅದರಲ್ಲಿದ್ದ ಪ್ರೋಗ್ರಾಮನ್ನು ಹೊಸ ಡಿಸ್ಕಿನ ಆರಂಭದಲ್ಲೇ ಕೂಡಿಸಿದರು. ಯಂತ್ರ ಚಾಲೂ ಆದಾಗ ಮೊದಲು ಅದು ಎದ್ದು, ಡಿಸ್ಕಿನ ಪೂರ್ತಿ ಅಳತೆಯನ್ನು ಯಂತ್ರಕ್ಕೆ ತಿಳಿಸುತ್ತಿತ್ತು. ಪದಗಳೂ ಸೇರಿ ಎಲ್ಲವನ್ನೂ ಹೊಸ ಡಿಸ್ಕಿಗೆ ನಕಲು ಮಾಡಿಕೊಂಡು, ಹಳೆಯ ಡಿಸ್ಕನ್ನು ಅಳಿಸಿ ಬೇರೆಯವರಿಗೆ ಕೊಟ್ಟುಬಿಟ್ಟರು.

ಮರುವರ್ಷ ಬೇಸಿಗೆಯಲ್ಲಿ ಗೌರಾಬಾಯಿ ತೀರಿಕೊಂಡಳು. ಕೆಲವು ತಿಂಗಳ ನಂತರ ಯಾರದೋ ಫ್ಲಾಪಿಯಿಂದ ವೈರಸ್ ಬಂತು. ಖಾದರಸಾಬ ವೈರಸ್ ತೆಗೆಯುವ ಫ್ಲಾಪಿ ಹಾಕಿ, ಅದರಿಂದಲೇ ಯಂತ್ರ ಚಾಲೂ ಮಾಡಿದ. ಡಿಸ್ಕಿನಲ್ಲಿ ಏನೂ ಕಾಣಲಿಲ್ಲ.

"ಎಲ್ಲಾ ಹೋಗ್ಯಾವ್ರಿ. ಫಾರ್ಮ್ಯಾಟ್ ಮಾಡಬೇಕಾಗ್ತದ."

"ಬ್ಯಾಡ್ರಿ," ಎಂದಳು ಗುರುಶಾಂತಮ್ಮ. "ನಮ್ಮತ್ತಿ ಪದ ಅದರಾಗ ಅವ. ಮುಟ್ಟಬ್ಯಾಡ್ರಿ."

ಖಾದರಸಾಬ ಕೈ ಹಿಂದಕ್ಕೆ ತೆಗೆದುಕೊಂಡ. ಆಕೆ ಚಹಾ ತರಿಸಿದಳು.

"ಅಳತಿ ತಿಳಿಸೋ ಪ್ರೋಗ್ರಾಂ ಡಿಸ್ಕಿನ್ಯಾಗ ಅದ ಅಲ್ರಿ?" ಎಂದು ಆಕೆ ಕೇಳಿದಳು.

"ಹೌದ್ರಿ." ಆತ ಕಪ್ಪು ಕೆಳಗಿಟ್ಟ. "ನಾ ಫ್ಲಾಪಿಲಿಂದ ಚಾಲೂ ಮಾಡಿದ್ರ ಅದು ಏಳೋದ ಇಲ್ಲ. ಮಷೀನಿಗೆ ಅಳತಿ ಹೇಳೋರು ಯಾರು?"

ಫ್ಲಾಪಿ ತೆಗೆದು, ಡಿಸ್ಕಿನಿಂದಲೇ ಯಂತ್ರ ಚಾಲೂ ಮಾಡಿದರು. ಪದಗಳೆಲ್ಲ ಇದ್ದವು. ಗುರುಶಾಂತಮ್ಮ ಕುರ್ಚಿಯಲ್ಲಿ ಕುಳಿತು ಮೊದಲ ಪದವನ್ನು ಮೆಲ್ಲಗೆ ಓದಿಕೊಂಡಳು. ವೈರಸ್ಸಿನ ಕೆಲಸ ಮರುದಿನಕ್ಕೆ ಉಳಿಯಿತು.

ಆ ವರ್ಷವೇ ಪದಗಳನ್ನು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿ ಗೊಬ್ಬೂರಿಗೆ ಒಯ್ದಳು. ಗೌರಾಬಾಯಿಯ ಓರಗೆಯ ಹೆಂಗಸರು ಓದಿಸಿ ಕೇಳಿದರು. ಒಂದೆರಡು ಕಡೆ, "ಗೌರಿ ಇಲ್ಲಿ ತಪ್ಪಿ ಹಾಡ್ಯಾಳ," ಎಂದು ತಮ್ಮ ಸಾಲು ಹಾಡಿ ತೋರಿಸಿದರು. ಆಳಂದಕ್ಕೆ ಮರಳಿ ಗುರುಶಾಂತಮ್ಮ ಆ ಸಾಲುಗಳನ್ನೂ ಟೈಪ್ ಮಾಡಿದಳು. ಅತ್ತೆಯ ಸಾಲುಗಳನ್ನು ಮಾತ್ರ ತಿದ್ದಲಿಲ್ಲ.